ಎಲಾಸ್ಟಿಕ್‌ಸರ್ಚ್ ಕ್ಲಸ್ಟರ್‌ಗೆ ಬ್ಯಾಕಪ್ ಜಾಗ ಹೊಂದಿಸುವ ಕ್ರಮ

ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯ ಹಳೆಯ ದಾಖಲೆಗಳನ್ನು ಹುಡುಕುವುದಕ್ಕಾಗಿ ತುಮಕೂರಿನ ನಮ್ಮ ಕಚೇರಿಯಲ್ಲಿ ಮೂರು ನೋಡ್‌ಗಳ ಎಲಾಸ್ಟಿಕ್‌ಸರ್ಚ್ ಕ್ಲಸ್ಟರ್ ನಡೆಸುತ್ತಿದ್ದೇವೆ. ಎಲಾಸ್ಟಿಕ್‌ಸರ್ಚ್ ಎಂದರೆ ದಾಖಲೆಗಳನ್ನು ಹುಡುಕುವ ತಂತ್ರಾಂಶ; ಅದನ್ನು ಒಟ್ಟಾಗಿ ನಡೆಸುವ ಯಂತ್ರಗಳೇ ನೋಡ್‌ಗಳು, ಅವುಗಳ ಗುಂಪೇ ಕ್ಲಸ್ಟರ್. ರೆಪ್ಲಿಕಾ (ಇನ್ನೊಂದು ನೋಡ್‌ನಲ್ಲಿರುವ ಡೇಟಾದ ಪ್ರತಿ) ಇರುವಾಗ ಬ್ಯಾಕಪ್ ಏಕೆ ಎಂದು ಹೊಸದಾಗಿ ಸೇರಿದವರು ಕೇಳುವುದುಂಟು. ಒಂದು ಯಂತ್ರ ಕೆಟ್ಟರೆ ರೆಪ್ಲಿಕಾ ಕಾಪಾಡುತ್ತದೆ. ಆದರೆ ಯಾರಾದರೂ ಇಂಡೆಕ್ಸನ್ನೇ (ದಾಖಲೆಗಳ ಸಂಗ್ರಹವನ್ನೇ) ಅಳಿಸಿದರೆ ಅದರ ಜೊತೆ ರೆಪ್ಲಿಕಾವೂ ಅಳಿಯುತ್ತದೆ. ಡೇಟಾ ಫೋಲ್ಡರನ್ನು ನಕಲು ಮಾಡಿಟ್ಟರೂ ಅದರಿಂದ ಮರಳಿ ಕಟ್ಟಿಕೊಳ್ಳಬಹುದೆಂಬ ಭರವಸೆಯಿಲ್ಲ. ಎಲಾಸ್ಟಿಕ್‌ಸರ್ಚ್ ತಾನೇ ಮಾಡುವ ಬ್ಯಾಕಪ್ ಆದ ಸ್ನ್ಯಾಪ್‌ಶಾಟನ್ನೇ ತೆಗೆಯಬೇಕು, ಅದನ್ನು ಇರಿಸಲು ಮೊದಲು ರೆಪಾಸಿಟರಿ, ಅಂದರೆ ಬ್ಯಾಕಪ್ ಜಾಗ, ಬೇಕು.

ಬೇರೊಂದು ಯಂತ್ರದ ಎನ್‌ಎಫ್‌ಎಸ್ ಡಿಸ್ಕನ್ನು (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕನ್ನು) ಎಲ್ಲ ಮಾಸ್ಟರ್ (ಕ್ಲಸ್ಟರನ್ನು ನಿರ್ವಹಿಸುವ) ಮತ್ತು ಡೇಟಾ (ದಾಖಲೆಗಳನ್ನು ಇರಿಸುವ) ನೋಡ್‌ಗಳಲ್ಲಿಯೂ ಒಂದೇ ಹಾದಿಯಲ್ಲಿ ಮೌಂಟ್ ಮಾಡಿ, ಅಂದರೆ ಜೋಡಿಸಿ. ಆ ಹಾದಿಯನ್ನು ಪ್ರತಿ ನೋಡ್‌ನ ಕಾನ್ಫಿಗರೇಶನ್ ಫೈಲಿನಲ್ಲಿ ‘ಪಾತ್ ಡಾಟ್ ರೆಪೊ’ (path.repo) ಎಂಬ ಸಾಲಿಗೆ ಸೇರಿಸಿ, ನೋಡ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿ. ಕ್ಲಸ್ಟರ್ ಮತ್ತೆ ಹಸಿರು ಬಣ್ಣಕ್ಕೆ, ಅಂದರೆ ಎಲ್ಲ ಪ್ರತಿಗಳೂ ಸರಿಯಾಗಿರುವ ಸ್ಥಿತಿಗೆ, ಬರುವವರೆಗೆ ಮುಂದಿನ ನೋಡ್ ಮುಟ್ಟಬೇಡಿ.

ಬಳಿಕ ಎಲಾಸ್ಟಿಕ್‌ಸರ್ಚನ್ನು ಬ್ರೌಸರಿನಿಂದ ನಿರ್ವಹಿಸುವ ಕಿಬಾನಾದ ಸ್ನ್ಯಾಪ್‌ಶಾಟ್ ವಿಭಾಗದಲ್ಲಿ ರೆಪಾಸಿಟರಿಯನ್ನು ನೋಂದಾಯಿಸಿ ವೆರಿಫೈ ಒತ್ತಿದರೆ, ಪ್ರತಿ ನೋಡ್ ಅಲ್ಲಿ ಒಂದು ಪರೀಕ್ಷಾ ಫೈಲ್ ಬರೆದು, ಮಾಸ್ಟರ್ ಬರೆದದ್ದನ್ನು ಓದಿ ನೋಡುತ್ತದೆ. ನಮ್ಮಲ್ಲಿ ತೊಡಕು ಬಂದದ್ದು ಇಲ್ಲೇ. ಎರಡು ನೋಡ್‌ಗಳು ಸರಿಯಾಗಿದ್ದವು. ತಡವಾಗಿ ಸೇರಿಸಿದ ಮೂರನೆಯದು ಪ್ರತಿ ಸಲವೂ ಅನುಮತಿಯಿಲ್ಲ ಎನ್ನುತ್ತಿತ್ತು. ಸೇವೆ ನಡೆಸುವ ಬಳಕೆದಾರನ ಹೆಸರು ಮೂರರಲ್ಲೂ ಒಂದೇ ಆಗಿತ್ತು, ಆದರೆ ಯೂಸರ್ ಐಡಿ ಮೊದಲೆರಡರಲ್ಲಿ 112, ಮೂರನೆಯದರಲ್ಲಿ 115. ನಾವು ಬಳಸುವ ಎನ್‌ಎಫ್‌ಎಸ್ ಹೊಂದಿಕೆಯಲ್ಲಿ ಲೆಕ್ಕಕ್ಕೆ ಬರುವುದು ಹೆಸರಲ್ಲ, ಆ ಸಂಖ್ಯೆ. ಎಲ್ಲರಿಗೂ ಬರೆಯುವ ಅನುಮತಿ ಕೊಟ್ಟು ದಾಟಿಕೊಳ್ಳುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಸೇವೆಯನ್ನು ನಿಲ್ಲಿಸಿ, ಯೂಸರ್ ಮತ್ತು ಗ್ರೂಪ್ ಐಡಿಗಳನ್ನು ಹೊಂದಿಸಿ, ಹಳೆಯ ಸಂಖ್ಯೆಯ ಹೆಸರಿನಲ್ಲಿ ಉಳಿದಿರುವ ಡೇಟಾ, ಲಾಗ್ ಮತ್ತು ಕಾನ್ಫಿಗರೇಶನ್ ಫೈಲುಗಳ ಒಡೆತನವನ್ನೂ ಬದಲಿಸಿದ ಮೇಲೆಯೇ ಮತ್ತೆ ಆರಂಭಿಸಿ.

ಕ್ಲಸ್ಟರ್ ಇರುವ ಅದೇ ಕೊಠಡಿಯ ಡಿಸ್ಕೊಂದನ್ನೇ ನೆಚ್ಚಿಕೊಳ್ಳುವುದು ಸಾಲದು. ಎಸ್3 (ಅಮೆಜಾನ್‌ನ ಕ್ಲೌಡ್ ಸಂಗ್ರಹ) ಬಗೆಯ ಎರಡನೆಯ ರೆಪಾಸಿಟರಿಯನ್ನು ಹೊರಗೆ ಇಟ್ಟುಕೊಳ್ಳಿ. ಅದರ ಗುಟ್ಟಿನ ಕೀಗಳು ಪ್ರತಿ ನೋಡ್‌ನ ಕೀಸ್ಟೋರ್‌ನಲ್ಲಿ (ಗುಟ್ಟಿನ ಮಾಹಿತಿಯನ್ನು ಭದ್ರವಾಗಿಡುವ ಫೈಲಿನಲ್ಲಿ) ಇರಲಿ. ಪರೀಕ್ಷೆಗೆಂದು ಇನ್ನೊಂದು ಕ್ಲಸ್ಟರ್ ಅದೇ ರೆಪಾಸಿಟರಿಯನ್ನು ಬಳಸುವುದಾದರೆ ಅಲ್ಲಿ ಓದಲು ಮಾತ್ರ ಎಂದು ನೋಂದಾಯಿಸಿ, ಏಕೆಂದರೆ ಎರಡು ಕ್ಲಸ್ಟರ್‌ಗಳು ಬರೆದರೆ ಒಳಗಿನದು ಕೆಡುತ್ತದೆ. ಜಾಗ ತುಂಬಿತೆಂದು ಫೈಲುಗಳನ್ನು ಕೈಯಿಂದ ಅಳಿಸಲೂ ಬಾರದು: ಪ್ರತಿ ಸ್ನ್ಯಾಪ್‌ಶಾಟ್ ಹೊಸ ಸೆಗ್ಮೆಂಟ್‌ಗಳನ್ನಷ್ಟೇ (ಇಂಡೆಕ್ಸಿನ ಹೊಸ ತುಣುಕುಗಳನ್ನಷ್ಟೇ) ಸೇರಿಸುವುದರಿಂದ, ಮೊದಲ ದಿನದ ಫೈಲನ್ನು ನಿನ್ನೆಯ ಸ್ನ್ಯಾಪ್‌ಶಾಟ್ ಕೂಡ ನೆಚ್ಚಿರಬಹುದು. ಹಳೆಯದನ್ನು ಕಿಬಾನಾದಿಂದಲೇ ತೆಗೆದರೆ, ಬೇರೆ ಯಾವುದಕ್ಕೂ ಬೇಡವಾದ ಫೈಲುಗಳಷ್ಟೇ ಹೋಗುತ್ತವೆ.

ಸ್ನ್ಯಾಪ್‌ಶಾಟ್ ತಾನಾಗಿ ತೆಗೆಯುವ ವೇಳಾಪಟ್ಟಿ ಯುಟಿಸಿ ಸಮಯದಲ್ಲಿ ನಡೆಯುತ್ತದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 2 ಗಂಟೆಗೆ ಬೇಕಿದ್ದರೆ 20:30 ಎಂದು ಬರೆಯಿರಿ.

ಮೊದಲ ಸ್ನ್ಯಾಪ್‌ಶಾಟ್ ಮುಗಿದ ದಿನವೇ ಒಂದು ಸಣ್ಣ ಇಂಡೆಕ್ಸನ್ನು ಬೇರೆ ಹೆಸರಿನಲ್ಲಿ ರಿಸ್ಟೋರ್ ಮಾಡಿ. ಅದೇ ಹೆಸರಿನ ಇಂಡೆಕ್ಸ್ ತೆರೆದಿದ್ದರೆ ಅದರ ಮೇಲೆ ರಿಸ್ಟೋರ್ ಆಗುವುದಿಲ್ಲ. ಸ್ನ್ಯಾಪ್‌ಶಾಟ್ ತೆಗೆದ ಹೊತ್ತಿನ ದಾಖಲೆಗಳ ಎಣಿಕೆಯೊಂದಿಗೆ ತಾಳೆ ನೋಡಿ, ಸರಿಯಿದ್ದರೆ ಪರೀಕ್ಷೆಯ ಇಂಡೆಕ್ಸನ್ನು ಅಳಿಸಿ.