ಜ್ವರದ ಜೊತೆ ಮಾತು ತಪ್ಪಿದಾಗ: ದೊಡ್ಡವರ ಮೆದುಳು ಜ್ವರಕ್ಕೆ ಮನೆಯವರು ಮಾಡಬೇಕಾದ್ದು

ಮೆದುಳು ಜ್ವರ ಮಕ್ಕಳಿಗೆ ಮಾತ್ರ ಬರುವ ಕಾಯಿಲೆ ಎಂದುಕೊಂಡೇ ಎಷ್ಟೋ ಮನೆಗಳಲ್ಲಿ ಮೊದಲ ದಿನ ಕೈತಪ್ಪಿ ಹೋಗುತ್ತದೆ. ಈ ಜ್ವರ ತರುವ, ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ ಹೊಕ್ಕವರಲ್ಲಿ ಸುಮಾರು 250 ಜನರಿಗೆ ಒಬ್ಬರಿಗಷ್ಟೇ ಮೆದುಳಿನ ಉರಿಯೂತ ಆಗುತ್ತದೆ. ಆದರೆ ಹಾಗೆ ಆದವರಲ್ಲಿ 30 ಶೇಕಡಾದವರೆಗೂ ಸಾವು ಸಂಭವಿಸುತ್ತದೆ, ಬದುಕಿದವರಲ್ಲಿ 30ರಿಂದ 50 ಶೇಕಡಾ ಮಂದಿಗೆ ನರದ ತೊಂದರೆ ಉಳಿಯುತ್ತದೆ. ವೆಸ್ಟ್ ನೈಲ್ ವೈರಸ್ ಅದೇ ಕುಟುಂಬದ್ದು. 60 ದಾಟಿದವರಿಗೂ ಅಂಗ ಕಸಿ ಮಾಡಿಸಿಕೊಂಡವರಿಗೂ ಅದರ ಏಟು ಹೆಚ್ಚು. ಈ ಎರಡು ವೈರಸ್‌ಗಳನ್ನೂ ಕೊಲ್ಲುವ ಔಷಧಿ ಇಲ್ಲ. ಹಾಗಾಗಿ ರೋಗಿಯನ್ನು ಎಷ್ಟು ಬೇಗ ಕರೆತಂದಿರಿ, ಹಾಸಿಗೆಯ ಪಕ್ಕ ಎಷ್ಟು ಎಚ್ಚರದಿಂದ ನೋಡಿಕೊಂಡಿರಿ ಅನ್ನುವುದು ತುಂಬ ದೊಡ್ಡ ಮಾತು.

ಮನೆಯಲ್ಲಿ ಗುರುತಿಸುವುದು

ಸೊಳ್ಳೆ ಕಚ್ಚಿ 5ರಿಂದ 15 ದಿನಕ್ಕೆ ಜ್ವರ, ತಲೆನೋವು, ವಾಂತಿ ಶುರುವಾಗುತ್ತದೆ. ಇಷ್ಟನ್ನೇ ನೋಡಿ ಯಾರೂ ಮೆದುಳು ಜ್ವರ ಎನ್ನಲಾಗದು. ಸುಳಿವು ಸಿಗುವುದು ಮುಂದಿನ ಒಂದೆರಡು ದಿನಗಳಲ್ಲಿ, ನಡವಳಿಕೆಯಲ್ಲಿ. ಸೌಮ್ಯ ಮನುಷ್ಯ ರೇಗಾಡುತ್ತಾರೆ, ಹಗಲೆಲ್ಲ ತೂಗಡಿಸುತ್ತಾರೆ, ಬಚ್ಚಲು ಮನೆಗೆಂದು ಎದ್ದವರು ಅಡುಗೆ ಮನೆಯಲ್ಲಿ ನಿಂತಿರುತ್ತಾರೆ. ದೊಡ್ಡವರಾದ್ದರಿಂದ ಇದನ್ನು ಕುಡಿತಕ್ಕೋ, ನಿದ್ದೆಗೆಟ್ಟದ್ದಕ್ಕೋ, ಮಾನಸಿಕ ಕಾಯಿಲೆಗೋ ಕಟ್ಟಿಬಿಡುತ್ತಾರೆ. ನಮ್ಮ ಮಟ್ಟಿಗೆ ಜ್ವರವಿದ್ದು ಬುದ್ಧಿ ಏರುಪೇರಾದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಮೆದುಳಿನದೇ ತೊಂದರೆ.

ಅನುಮಾನ ಬಂದ ಕ್ಷಣ ನಾಲ್ಕು ಪ್ರಶ್ನೆ ಕೇಳಿ: ಹೆಸರೇನು, ಈಗ ಎಲ್ಲಿದ್ದೀರಿ, ಇವತ್ತು ಯಾವ ವಾರ, 20ರಿಂದ 1ರವರೆಗೆ ಹಿಂದಕ್ಕೆ ಎಣಿಸಿ. ಆಮೇಲೆ ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿ, ಹತ್ತು ಎಣಿಸುವಷ್ಟು ಹೊತ್ತು ನೋಡಿ. ಒಂದು ಕೈ ಕೆಳಗೆ ಜಾರಿದರೆ ಆ ಬದಿಯಲ್ಲಿ ಬಲ ಕುಂದಿದೆ. ಉತ್ತರದಲ್ಲಿ ತಪ್ಪಿದರೂ, ಕೈ ಜಾರಿದರೂ, ಫಿಟ್ಸ್ ಬಂದರೂ, ಕುತ್ತಿಗೆ ಬಿಗಿದರೂ ಬೆಳಗಾಗಲಿ ಎಂದು ಕಾಯಬೇಡಿ. ತೀವ್ರ ನಿಗಾ ಘಟಕ ಮತ್ತು ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ.

ತೂಗಡಿಸುವವರ ಬಾಯಿಗೆ ನೀರು, ಕಷಾಯ, ಮಾತ್ರೆ ಏನನ್ನೂ ಹಾಕಬೇಡಿ; ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪೂರ್ತಿ ಎಚ್ಚರವಿದ್ದು ಚೆನ್ನಾಗಿ ನುಂಗುವವರಿಗೆ ಮಾತ್ರ ಪ್ಯಾರಸಿಟಮಾಲ್ ಕೊಡಬಹುದು. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯವಿದೆ.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಸುತ್ತಲಿನ ವಸ್ತು ಸರಿಸಿ, ತಲೆಯಡಿ ಮೆತ್ತಗಿನ ಬಟ್ಟೆ ಇಟ್ಟು, ಆದಷ್ಟು ಬೇಗ ಎಡಕ್ಕೋ ಬಲಕ್ಕೋ ಮಗ್ಗುಲಾಗಿಸಿ. ಬಾಯಲ್ಲಿ ಚಮಚ ಇಡುವುದು, ಕೈಗೆ ಕಬ್ಬಿಣ ಕೊಡುವುದು, ಕೈಕಾಲು ಅದುಮಿ ಹಿಡಿಯುವುದು ಯಾವುದೂ ಬೇಡ. 5 ನಿಮಿಷ ದಾಟಿದರೆ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ, ಆಗ ಔಷಧಿಯಿಂದಲೇ ನಿಲ್ಲಿಸಬೇಕು.

ಕರೆದೊಯ್ಯುವಾಗ ಮಗ್ಗುಲಾಗಿ ಮಲಗಿಸಿ, ಮುಖ ಸ್ವಲ್ಪ ಕೆಳಮುಖವಾಗಿರಲಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವಾಗ ತಲೆ ಮುಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಜ್ವರ ಶುರುವಾದ ದಿನ, ನಡವಳಿಕೆ ಬದಲಾದ ಹೊತ್ತು, ಫಿಟ್ಸ್ ಎಷ್ಟು ಸಲ ಎಷ್ಟು ನಿಮಿಷ, ಈಗಿರುವ ಔಷಧಿಗಳು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಕಳೆದ ಮೂರು ವಾರದಲ್ಲಿ ಹೋದ ಊರುಗಳು, ಹತ್ತಿರದ ಗದ್ದೆ, ಹಂದಿ ಗೂಡು, ಹಾಕಿಸಿಕೊಂಡ ಲಸಿಕೆ. ಗಾಬರಿಯಲ್ಲಿ ಬಾಯಿಮಾತಿಗಿಂತ ಈ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆಸ್ಪತ್ರೆಯ ಮೊದಲ ದಿನ

ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವುದು ಎಲ್ಲಕ್ಕಿಂತ ಮೊದಲ ಪರೀಕ್ಷೆ. ಸಕ್ಕರೆ ತೀರಾ ಇಳಿದರೂ ಇದೇ ಗೊಂದಲ, ಇದೇ ಫಿಟ್ಸ್. ಆಮೇಲೆ ವೈದ್ಯರು ಮೂರ್ನಾಲ್ಕು ಔಷಧಿಗಳನ್ನು ಒಟ್ಟಿಗೆ ಶುರುಮಾಡುತ್ತಾರೆ. ‘ಕಾಯಿಲೆ ಯಾವುದೆಂದು ಗೊತ್ತಿಲ್ಲದೆ ಇಷ್ಟೆಲ್ಲ ಯಾಕೆ?’ ಎಂದು ಮನೆಯವರು ಕೇಳುವುದು ಸಹಜ. ಮೆದುಳು ಜ್ವರದಂತೆಯೇ ಕಾಣುವ, ಆದರೆ ಔಷಧಿ ಇರುವ ಕಾಯಿಲೆಗಳು ಹಲವಿವೆ: ಹರ್ಪಿಸ್ ವೈರಸ್ಸಿನ ಉರಿಯೂತ, ಬ್ಯಾಕ್ಟೀರಿಯಾದ ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಉರಿಯೂತ), ಮೆದುಳಿನ ಮಲೇರಿಯಾ, ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಫಲಿತಾಂಶಕ್ಕೆ ಕಾದರೆ ಇವು ಕೊಲ್ಲುತ್ತವೆ. ಅದಕ್ಕೇ ಹರ್ಪಿಸ್‌ಗೆ ಅಸೈಕ್ಲೋವಿರ್ ಅನ್ನು ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ 8 ಗಂಟೆಗೊಮ್ಮೆ ರಕ್ತನಾಳಕ್ಕೆ ಕೊಡುತ್ತಾರೆ. ಇದು ಒಂದು ಗಂಟೆಯಷ್ಟು ನಿಧಾನವಾಗಿ, ಸಾಕಷ್ಟು ದ್ರವದ ಜೊತೆ ಹೋಗಬೇಕು. ಅವಸರವಾದರೆ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮೊದಲ ಮೂರು ದಿನದಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಹರ್ಪಿಸ್ ಪಿಸಿಆರ್ ಪರೀಕ್ಷೆ ಸುಳ್ಳಾಗಿ ನೆಗೆಟಿವ್ ಬರಬಹುದು, ಹಾಗಾಗಿ ಒಂದೇ ಪರೀಕ್ಷೆ ನೋಡಿ ಅಸೈಕ್ಲೋವಿರ್ ನಿಲ್ಲಿಸುವುದಿಲ್ಲ.

ಮೆದುಳು, ಬೆನ್ನುಹುರಿಯ ಸುತ್ತಲಿರುವ ನೀರನ್ನು ಬೆನ್ನಿನಿಂದ ತೆಗೆಯುವ ಪರೀಕ್ಷೆಗೆ ಮನೆಯವರು ಹಿಂಜರಿಯುತ್ತಾರೆ, ಸೊಂಟ ಬಿದ್ದುಹೋಗುತ್ತದೆ ಎಂಬ ಭಯ. ನಿಜದಲ್ಲಿ ದೊಡ್ಡವರ ಬೆನ್ನುಹುರಿ ಸೊಂಟದ ಒಂದನೇ, ಎರಡನೇ ಮೂಳೆಯ ಮಟ್ಟದಲ್ಲೇ ಮುಗಿದುಹೋಗುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ, ಮೂರು–ನಾಲ್ಕನೆಯ ಅಥವಾ ನಾಲ್ಕು–ಐದನೆಯ ಮೂಳೆಗಳ ಸಂದಿಗೆ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು, ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. ಎರಡು ಕಣ್ಣಿನ ಪಾಪೆಗಳ ಗಾತ್ರ ಹೆಚ್ಚುಕಮ್ಮಿ ಇದ್ದರೆ, ಪ್ರಜ್ಞೆ ತೀರಾ ಇಳಿದಿದ್ದರೆ ಮೊದಲು ಸ್ಕ್ಯಾನ್ ಮಾಡಬೇಕು, ಒತ್ತಡ ಹೆಚ್ಚಿರುವ ಮೆದುಳು ಕೆಳಕ್ಕೆ ಜಾರಬಹುದು. ಪ್ಲೇಟ್‌ಲೆಟ್ ಬಹಳ ಕಡಿಮೆಯಿದ್ದರೂ ತಡೆಯುತ್ತಾರೆ.

ವೈರಸ್ ಸೋಂಕಿನಲ್ಲಿ ಆ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಹೆಚ್ಚಿರುತ್ತದೆ, ಸಕ್ಕರೆ ಸರಿಯಾಗಿರುತ್ತದೆ. ಸಕ್ಕರೆ ಇಳಿದಿದ್ದರೆ ಬ್ಯಾಕ್ಟೀರಿಯಾ ಅಥವಾ ಕ್ಷಯದ ಕಡೆ ನೋಡಬೇಕು. ಹೋಲಿಕೆಗೆ ಅದೇ ಹೊತ್ತಿನ ರಕ್ತದ ಸಕ್ಕರೆ ಬೇಕೇಬೇಕು, ಮರೆಯುವುದು ಇದನ್ನೇ. ಜಪಾನೀಸ್ ಎನ್‌ಸೆಫಲೈಟಿಸ್ ಖಚಿತವಾಗುವುದು ಐಜಿಎಂ ಎಲೈಸಾದಿಂದ, ಅಂದರೆ ಹೊಸ ಸೋಂಕಿಗೆ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಪರೀಕ್ಷೆಯಿಂದ. ರಕ್ತದಲ್ಲಿ ಡೆಂಗಿ ಮತ್ತು ಲಸಿಕೆಯ ಪ್ರತಿಕಾಯಗಳು ಗೊಂದಲ ಮಾಡುತ್ತವೆ, ಬೆನ್ನಿನ ನೀರಿನ ಫಲಿತಾಂಶವೇ ಹೆಚ್ಚು ನಂಬಿಕೆಯದು. ಮೊದಲ ದಿನಗಳಲ್ಲಿ ನೆಗೆಟಿವ್ ಬಂದರೆ 10 ದಿನ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಎಂಆರ್‌ಐಯಲ್ಲಿ ಎರಡೂ ಬದಿಯ ಥಲಾಮಸ್ (ಮೆದುಳಿನ ಒಳನಡುವಿನ ಭಾಗ) ಊದಿದ್ದರೆ ಈ ವೈರಸ್ಸಿನತ್ತ ಬೆರಳು, ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯಾದರೆ ಹರ್ಪಿಸ್‌ನತ್ತ.

ಸ್ಟೆರಾಯ್ಡ್ ಕೊಡಿ ಎಂದು ಒತ್ತಾಯಿಸಬೇಡಿ. ಜಪಾನೀಸ್ ಎನ್‌ಸೆಫಲೈಟಿಸ್‌ಗೆ ಡೆಕ್ಸಮೆಥಸೋನ್ ಎಂಬ ಸ್ಟೆರಾಯ್ಡ್, ವೈರಸ್ ತಡೆಯಲು ಬಳಸುವ ಇಂಟರ್‌ಫೆರಾನ್ ಎರಡನ್ನೂ ಪ್ರಯೋಗ ಮಾಡಿ ನೋಡಲಾಗಿದೆ, ಪ್ರಯೋಜನ ಕಂಡಿಲ್ಲ.

ಹಾಸಿಗೆಯ ಪಕ್ಕ

ತಲೆಯ ಕಡೆ 30 ಡಿಗ್ರಿ ಎತ್ತರ, ಕುತ್ತಿಗೆ ನೆಟ್ಟಗೆ. ದಪ್ಪ ದಿಂಬು ಇಟ್ಟರೆ ಗದ್ದ ಎದೆಗೆ ತಾಗಿ ಕುತ್ತಿಗೆಯ ರಕ್ತನಾಳ ಒತ್ತಿಕೊಳ್ಳುತ್ತದೆ, ಮೆದುಳಿನಿಂದ ರಕ್ತ ಇಳಿಯದೆ ಒತ್ತಡ ಏರುತ್ತದೆ. ಮಂಚವನ್ನೇ ಎತ್ತಿ. ನೀರಿನಂಶಕ್ಕೆ ಬರಿಯ ಗ್ಲೂಕೋಸ್ ಡ್ರಿಪ್ ಹಾಕಿದರೆ ಸೋಡಿಯಂ ಇಳಿದು ಊತ ಹೆಚ್ಚಬಹುದು, ಸಾಮಾನ್ಯವಾಗಿ 0.9 ಶೇಕಡಾ ಸಲೈನ್ ಕೊಟ್ಟು ಸೋಡಿಯಂ ಮತ್ತೆ ಮತ್ತೆ ನೋಡುತ್ತಾರೆ.

ಮೈ ಅದುರದೆಯೂ ಫಿಟ್ಸ್ ನಡೆಯುತ್ತಿರುತ್ತದೆ. ಕಿರುಬೆರಳು ಒಂದೇ ತಾಳಕ್ಕೆ ಮಿಡಿಯುವುದು, ಕಣ್ಣುರೆಪ್ಪೆ ಪಟಪಟಿಸುವುದು, ಕಣ್ಣುಗುಡ್ಡೆ ಒಂದೇ ಕಡೆಗೆ ಎಳೆದುಕೊಂಡಿರುವುದು: ಇವು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿ ನರ್ಸ್‌ಗೆ ತೋರಿಸಿ, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಬೇಕಾಗಬಹುದು. ಸುಮ್ಮನಿದ್ದವರು ಇದ್ದಕ್ಕಿದ್ದಂತೆ ಒದ್ದಾಡಿದರೆ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ, ಎಷ್ಟೋ ಸಲ ಕಾರಣ ಕಟ್ಟಿಕೊಂಡ ಮೂತ್ರ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿಡಿ. ಪ್ರತಿ ಕೀಲನ್ನೂ ದಿನಕ್ಕೆ ಎರಡು ಮೂರು ಹೊತ್ತು, ಹತ್ತತ್ತು ಸಲ ಮೆಲ್ಲಗೆ ಆಡಿಸಿ. ಬಲವಿಲ್ಲದ ತೋಳನ್ನು ಹಿಡಿದು ಎಬ್ಬಿಸಬೇಡಿ, ಭುಜ ಜಾರುತ್ತದೆ. ಮೂಗಿನ ಕೊಳವೆಯಲ್ಲಿ ಆಹಾರ ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ತಲೆ ಇಳಿಸಬೇಡಿ. ಬಾಯಿಗೆ ಮತ್ತೆ ಕೊಡುವ ಮೊದಲು ನೆಟ್ಟಗೆ ಕೂರಿಸಿ, ಒಂದು ಟೀ ಚಮಚ ನೀರು ಕೊಟ್ಟು ‘ಆ’ ಅನ್ನಲು ಹೇಳಿ. ಕೆಮ್ಮಿದರೆ ಅಥವಾ ದನಿ ಗುಳುಗುಳು ಎಂದರೆ ಇನ್ನೂ ಕಾಲ ಬಂದಿಲ್ಲ.

ರೋಗಿಯಿಂದ ನಿಮಗೆ ಅಂಟುವುದಿಲ್ಲ, ಹತ್ತಿರ ಕೂರಿ, ಮಾತಾಡಿಸಿ. ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ ಬೆಳೆಯುವುದು ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ; ಮನುಷ್ಯರ ರಕ್ತದಲ್ಲಿ ಸೊಳ್ಳೆಗೆ ಸಾಕಾಗುವಷ್ಟು ಇರುವುದಿಲ್ಲ.

ಮನೆಗೆ ಬಂದ ಮೇಲೆ

ಮುಖದಲ್ಲಿ ಭಾವ ಇಲ್ಲದಿರುವುದು, ಕೈ ನಡುಕ, ಮೈ ಬಿಗಿತ, ನಿಧಾನದ ನಡಿಗೆ ಕಾಣಬಹುದು. ಇದು ಸೋಮಾರಿತನವಲ್ಲ, ಥಲಾಮಸ್ ಮತ್ತು ಅದರ ಸುತ್ತಲಿನ ಭಾಗಕ್ಕೆ ಬಿದ್ದ ಪೆಟ್ಟು. ಮರೆವು, ಸಿಟ್ಟು, ಅಳು ಕೂಡ ಅದರದೇ ಭಾಗ. ಚೇತರಿಕೆ ತಿಂಗಳುಗಟ್ಟಲೆ ನಡೆಯುತ್ತದೆ, ಫಿಸಿಯೋಥೆರಪಿ ಬಿಡಬೇಡಿ. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರು ಒಪ್ಪುವವರೆಗೆ ವಾಹನ ಓಡಿಸಬಾರದು.

ಉಳಿದವರಿಗೆ

ಈ ವೈರಸ್ ಹರಡುವ ಕ್ಯೂಲೆಕ್ಸ್ ಸೊಳ್ಳೆ ಭತ್ತದ ಗದ್ದೆಯಂಥ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಆದ್ದರಿಂದ ಹಗಲು ಕಚ್ಚುವ ಡೆಂಗಿ ಸೊಳ್ಳೆಗಿಂತ ಇದಕ್ಕೆ ಸೊಳ್ಳೆ ಪರದೆ ಹೆಚ್ಚು ಉಪಯುಕ್ತ. ಸಂಜೆ ಹೊರಗಿರಬೇಕಾದರೆ ತುಂಬುತೋಳು ಹಾಕಿ, ಬಯಲಾದ ಚರ್ಮಕ್ಕೆ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ 20–30 ಶೇಕಡಾ ಇರುವ ಲೇಪನ ಹಚ್ಚಿ.

ಜಪಾನೀಸ್ ಎನ್‌ಸೆಫಲೈಟಿಸ್‌ಗೆ ಇರುವ, ಪ್ರಯೋಗಾಲಯದ ವೀರೋ ಕೋಶದಲ್ಲಿ ತಯಾರಾದ ನಿಷ್ಕ್ರಿಯ (ಜೀವವಿಲ್ಲದ ವೈರಸ್ಸಿನ) ಲಸಿಕೆ ಇಕ್ಸಿಯಾರೊ ದೊಡ್ಡವರಿಗೆ ಎರಡು ಡೋಸ್, 28 ದಿನದ ಅಂತರ. 18ರಿಂದ 65 ವಯಸ್ಸಿನವರಿಗೆ ತುರ್ತಿದ್ದರೆ 7 ದಿನಕ್ಕೂ ಎರಡನೆಯದು ಕೊಡಬಹುದು. ಸೋಂಕಿರುವ ಜಾಗಕ್ಕೆ ಹೋಗುವ ಕನಿಷ್ಠ ಒಂದು ವಾರ ಮೊದಲು ಎರಡೂ ಮುಗಿದಿರಲಿ. ಎಸ್ಎ 14-14-2 ಎಂಬ ಜೀವಂತ ಲಸಿಕೆ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಬೇಡ. ಈ ಯಾವ ಲಸಿಕೆಯನ್ನೂ ವೆಸ್ಟ್ ನೈಲ್‌ಗೆ ರಕ್ಷಣೆ ಎಂದು ನಂಬುವಂತಿಲ್ಲ. ಅದಕ್ಕೆ ಮನುಷ್ಯರಿಗೆ ಲಸಿಕೆಯೇ ಬಂದಿಲ್ಲ, ಪರದೆ ಮತ್ತು ಲೇಪನವೇ ಗತಿ.