ನೀರು ಇಳಿದ ಮೇಲಿನ ರಾತ್ರಿಗಳು: ಮುಂಬಯಿಗೆ ಹೊಸದಾಗಿ ಬಂದವರಿಗೆ

ಊರಿಂದ ಬಂದ ಹೊಸಬರು ಬಾಡಿಗೆ ಎಷ್ಟು, ಲೋಕಲ್ ಪಾಸ್ ಎಲ್ಲಿ ಮಾಡಿಸೋದು ಅಂತ ಕೇಳುತ್ತಾರೆ. ಮನೆ ಬಿಟ್ಟು ಓಡಬೇಕಾದರೆ ಸಾಮಾನು ಯಾರು ಕಾಯುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆಗ ನಾವು ಅದರ ಪಕ್ಕದ ಕಲೀನಾದ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ, ಕೆಳಗಿನ ಖೋಲಿಯಲ್ಲಿ (ಒಂದೇ ಕೋಣೆಯ ಮನೆ) ಇದ್ದೆವು. ನೀರು ಎದೆಮಟ್ಟ ಬಂತು. ಎರಡು ರಾತ್ರಿ ಮೇಲಿನ ಮಹಡಿಯವರ ಮನೆಯಲ್ಲಿ ಕಳೆದೆವು. ಇಳಿದು ಬಂದು ನೋಡಿದರೆ ಮರದ ಬಾಗಿಲು ನೀರು ಕುಡಿದು ಉಬ್ಬಿತ್ತು, ಚಿಲಕ ಕೂರುತ್ತಿರಲಿಲ್ಲ. ಕರೆಂಟಿಲ್ಲ, ಫೋನಿಲ್ಲ. ಬಾಗಿಲಿಗೆ ಕುರ್ಚಿ ಒರಗಿಸಿ ಮತ್ತೆ ಮೇಲೆ ಹೋಗಿ ಮಲಗಿದೆವು. ಅದೇ ರಾತ್ರಿ ಗ್ಯಾಸ್ ಸಿಲಿಂಡರ್ ಹೋಯಿತು, ಅಮ್ಮ ಕೊಟ್ಟ ತಾಮ್ರದ ಹಂಡೆಯೂ ಹೋಯಿತು. ನೀರು ಏರುವಾಗ ಕಳ್ಳನಿಗೂ ತನ್ನ ಜೀವದ್ದೇ ಚಿಂತೆ. ಅವನು ಬರುವುದು ಇಳಿದ ಮೇಲೆ.

ಮಾರನೇ ದಿನ ನಮ್ಮ ಗಲ್ಲಿಯ ಕಾಕಾ ಒಬ್ಬರು ಪಹರೆಗೆ ಸರದಿ ಹಾಕಿದರು. 1993ರ ಜನವರಿ ಗಲಭೆಯಲ್ಲಿ ಕಾದು ಅವರಿಗೆ ಅಭ್ಯಾಸವಿತ್ತು. ರಾತ್ರಿ ಹತ್ತರಿಂದ ಎರಡು, ಎರಡರಿಂದ ಬೆಳಕು ಹರಿಯುವ ತನಕ. ಇಬ್ಬಿಬ್ಬರು. ಕೈಯಲ್ಲಿ ಟಾರ್ಚ್, ಒಂದು ಸ್ಟೀಲ್ ತಟ್ಟೆ. ತಟ್ಟೆ ಬಡಿದ ಸದ್ದು ಕೇಳಿದರೆ ಎಲ್ಲರೂ ಹೊರಗೆ ಬರಬೇಕು. ಹೊಸ ಮುಖ ಕಂಡರೆ ‘ಕುಣಾಕಡೆ ಜಾಯ್ಚಂ?’ ಅಂತ ಕೇಳಬೇಕು, ಯಾರ ಮನೆಗೆ ಹೋಗಬೇಕು ಅಂತ. ಈ ಎರಡು ಮರಾಠಿ ಪದ ಇವತ್ತೇ ಕಲಿಯಿರಿ. ಕೈ ಮಾತ್ರ ಎತ್ತಬೇಡಿ. ಆ ವಾರವೇ ಅಣೆಕಟ್ಟು ಒಡೆಯಿತು ಎಂಬ ಸುಳ್ಳು ಸುದ್ದಿಗೆ ಜುಹು ಕಡೆ ನೂಕುನುಗ್ಗಲಾಗಿ ಜನ ಸತ್ತರು. ‘ಕಳ್ಳ ಬಂದ’ ಎಂಬ ಕೂಗೂ ಹಾಗೇ. ಸಿಕ್ಕವನು ಕಳ್ಳನೋ, ಮನೆ ಹುಡುಕುತ್ತಿರುವ ನಿಮ್ಮಂಥ ಹೊಸಬನೋ, ಕತ್ತಲಲ್ಲಿ ಯಾರಿಗೆ ಗೊತ್ತು? ಕಾನೂನು ನಿಮ್ಮ ಮನೆ ಉಳಿಸಿಕೊಳ್ಳಲು ಬಿಡುತ್ತದೆ, ಆದರೆ ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡಲು ಬಿಡುವುದಿಲ್ಲ. ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ನಮ್ಮ ಕನ್ನಡಿಗರದ್ದೊಂದು ಅಭ್ಯಾಸ ಇದೆ. ಭಾನುವಾರ ಮಾಟುಂಗಾದ ಕನ್ನಡ ಸಂಘ ಮೈಸೂರು ಅಸೋಸಿಯೇಷನ್‌ಗೆ ಹೋಗುತ್ತೇವೆ, ಪಕ್ಕದ ಫ್ಲ್ಯಾಟಿನವರ ಹೆಸರು ಗೊತ್ತಿರುವುದಿಲ್ಲ. ಹೋಗಿ, ಬೇಡ ಅನ್ನಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮಾಟುಂಗಾದಿಂದ ಯಾರೂ ಓಡಿಬರಲ್ಲ, ಅಲ್ವಾ? ಎದುರು ಮನೆಯವರ ಹತ್ತಿರ ಒಂದು ಕೀಲಿ ಇರಲಿ. ಸೊಸೈಟಿ ಸೆಕ್ರೆಟರಿಯ ನಂಬರ್ ಕಾಗದದ ಮೇಲೆ ಬರೆದಿರಲಿ, ಮೊಬೈಲ್ ಸತ್ತಾಗ ಬೇಕಾಗುತ್ತದೆ. ಸಿಸಿಟಿವಿ ನೆಚ್ಚಬೇಡಿ, ಕರೆಂಟ್ ಹೋದರೆ ಅದೂ ಕುರುಡು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ವಾಚ್‌ಮನ್ ತಾನೇ ಊರಿಗೆ ಹೊರಟುಹೋದ, ಪಾಪ.

ಬಾಗಿಲಿಗೆ ಹೊರಗೆ ದೊಡ್ಡ ಬೀಗ ನೇತುಹಾಕಿದರೆ ಮನೆ ಖಾಲಿ ಅಂತ ಬೋರ್ಡ್ ಹಾಕಿದಂತೆ. ಒಳಗೇ ಕೂರುವ ಲ್ಯಾಚ್ ಹಾಕಿಸಿ, ಹೊರಗೆ ಕಬ್ಬಿಣದ ಸೇಫ್ಟಿ ಡೋರ್. ಅದು ನೀರಿಗೆ ಉಬ್ಬುವುದಿಲ್ಲ. ಕಿಟಕಿ ಗ್ರಿಲ್‌ಗೆ ತೆರೆಯುವ ಬಾಗಿಲು ಇರಲೇಬೇಕು. ಅದರ ಕೀಲಿ ಒಳಗೆ ಮೊಳೆಗೆ ನೇತಾಡುತ್ತಿರಲಿ. ಬೆಂಕಿ ಬಿದ್ದರೆ ಗ್ರಿಲ್ ನಿಮ್ಮನ್ನೇ ಕೂಡಿಹಾಕುತ್ತದೆ. ಊರಿಗೆ ಹೊರಟಿದ್ದನ್ನು ಸ್ಟೇಟಸ್‌ನಲ್ಲಿ ಸುಮ್ನೆ ಹಾಕಬೇಡಿ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಅಂತ ಒಂದು ವಿಮೆ ಬಂದಿದೆ. ನೆರೆ, ಗಲಭೆಯಂಥದ್ದು ನಡೆದು, ಅದರಿಂದಾಗಿ 7 ದಿನದೊಳಗೆ ಕಳವಾದರೆ ಅದಕ್ಕೂ ಪರಿಹಾರವಿದೆ. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಒಡವೆಗೆ ಬೇರೆ ಸೇರಿಸಬೇಕು. ಒಡವೆ ಲಾಕರ್‌ನಲ್ಲಿಟ್ಟರೆ, ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ಲಾಕರ್‌ನ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ.

ಕಳವಾದರೆ ಪೊಲೀಸರು ಬಂದು ಸ್ಥಳ ನೋಡಿ ಸಾಕ್ಷಿಗಳ ಮುಂದೆ ಬರೆದುಕೊಳ್ಳುವ ಪಂಚನಾಮೆ ಆಗುವ ತನಕ ಏನನ್ನೂ ಗುಡಿಸಬೇಡಿ. ಬಾಡಿಗೆ ಕರಾರಿನ ಪ್ರತಿ, ಸಾಮಾನಿನ ಫೋಟೋ ಬೇರೆಡೆಯೂ ಇರಲಿ. ನನ್ನ ಹತ್ತಿರ ಹಂಡೆಯ ಫೋಟೋ ಒಂದೂ ಇರಲಿಲ್ಲ. ಎಷ್ಟು ದೊಡ್ಡದು ಅಂತ ಪೊಲೀಸರು ಕೇಳಿದಾಗ ಎರಡೂ ಕೈ ಅಗಲಿಸಿ ತೋರಿಸಿದೆ.