ಆಸ್ಪತ್ರೆಯ ಬಸ್ ಹತ್ತುವ ಮುನ್ನ ಒಂದು ನೋಟ್‌ಬುಕ್

ಶಿರಸಿ ಕಡೆಯ ಅಜ್ಜಿ "ಮಾಣಿ ಹೇಳಿದ್ದು ಕೇಳ್ತ್ನಿಲ್ಲೆ" ಎಂದರೆ ಅದರಲ್ಲಿ ದೂರಿಗಿಂತ ಮುದ್ದೇ ಜಾಸ್ತಿ. ಅದೇ ಮಾಣಿ ಎರಡನೇ ಕ್ಲಾಸಿಗೆ ಬಂದು, ಅಕ್ಕೋರು (ಟೀಚರ್) ವಾರಕ್ಕೆರಡು ಸಲ ಮನೆಯವರನ್ನು ಕರೆಸತೊಡಗಿದರೆ ಮುದ್ದು ಮುಗಿಯುತ್ತದೆ, ಪೆಟ್ಟು ಶುರುವಾಗುತ್ತದೆ. ಇವೆರಡರ ನಡುವೆ ಆಗಬೇಕಿದ್ದ ಕೆಲಸವೊಂದು ಎಷ್ಟೋ ಮನೆಗಳಲ್ಲಿ ಬಿಟ್ಟೇ ಹೋಗುತ್ತದೆ. ಮಗುವನ್ನು ಸರಿಯಾಗಿ ಗಮನಿಸಿ, ಬರೆದಿಟ್ಟು, ಡಾಕ್ಟರಿಗೆ ತೋರಿಸುವ ಕೆಲಸ. ಬೆಳವಣಿಗೆ ಹಿಂದೆ ಬಿದ್ದಿದೆಯೋ, ಎಡಿಎಚ್‌ಡಿ ಎಂಬ ಗಮನದ ತೊಂದರೆ ಇದೆಯೋ ಎಂದು ತಿಳಿಯಲು ಅದು ಬೇಕು.

ನಾವೂ ಬಿಟ್ಟವರೇ. ತಂಗಿಯ ಮಗನನ್ನು ಕುಮಟಾದಿಂದ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದಿದ್ದೆವು. ಬಸ್ಸಿನಲ್ಲಿ ಉದ್ದಕ್ಕೂ ಕುಣಿದ ಹುಡುಗ ಡಾಕ್ಟರ ಎದುರು ಚೌತಿ ಗಣಪತಿಯ ಹಾಗೆ ಕೂತುಬಿಟ್ಟ! "ಯಾವಾಗಿಂದ ಹೀಗೆ? ಶಾಲೆಯಲ್ಲೂ ಹೀಗೇನಾ? ನಿದ್ದೆ ಹೇಗೆ?" ಎಂದು ಅವರು ಕೇಳಿದರೆ ನಾವು ಮುಖ ಮುಖ ನೋಡಿಕೊಂಡೆವು. ಹೊಸ ಜಾಗ, ಹೊಸ ಮುಖ ಕಂಡಾಗ ಇಂಥ ಮಕ್ಕಳು ಸ್ವಲ್ಪ ಹೊತ್ತು ತಣ್ಣಗಿರುವುದು ಮಾಮೂಲು. ಇದು ಆಮೇಲೆ ಗೊತ್ತಾಯಿತು. ಹಾಗಾಗಿ ಮೊದಲ ಖರ್ಚು 200 ಪುಟದ ಒಂದು ನೋಟ್‌ಬುಕ್ಕಿಗೆ ಆಗಲಿ.

ಮೊದಲ ಪುಟ: ಬೆಳವಣಿಗೆಯ ಲೆಕ್ಕ

ತಾಯಿ ಕಾರ್ಡ್ ಹುಡುಕಿ ತೆಗೆಯಿರಿ. ಹುಟ್ಟಿದಾಗಿನ ತೂಕ, ತಿಂಗಳು ತುಂಬಿತ್ತೋ ಇಲ್ಲವೋ, ಹುಟ್ಟಿದ ಕೂಡಲೇ ಅತ್ತಿತ್ತೋ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೋ, ಫಿಟ್ಸ್ ಬಂದಿತ್ತೋ ಎಲ್ಲ ಬರೆಯಿರಿ. ಯಾವ ವಯಸ್ಸಿಗೆ ಏನು ಮಾಡಿತು ಎನ್ನುವುದು ಅದರ ಕೆಳಗೆ.

4 ತಿಂಗಳು ಕಳೆದರೂ ಕತ್ತು ನಿಲ್ಲುತ್ತಿಲ್ಲ, 9-10 ತಿಂಗಳಾದರೂ ಆಸರೆ ಇಲ್ಲದೆ ಕೂರುವುದಿಲ್ಲ, ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲ ಎಂದಾದರೆ ತೋರಿಸಬೇಕು. 18 ತಿಂಗಳಾದರೂ ನಡೆಯದಿದ್ದರೆ, ಒಂದೂ ಪದ ಆಡದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ತೋರಿಸಬೇಕು. ಎರಡು ವರ್ಷವಾದರೂ "ಅಮ್ಮ ಬಾ" ಎಂದು ಎರಡು ಪದ ಕೂಡಿಸದಿದ್ದರೂ ಅಷ್ಟೇ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಯ ನಿಗದಿತ ದಿನದಿಂದ ಲೆಕ್ಕ ಹಾಕಿ. ಇನ್ನು, ಬರುತ್ತಿದ್ದ ಮಾತು ಅಥವಾ ನಡಿಗೆ ನಿಂತುಹೋದರೆ ಯಾವ ವಯಸ್ಸಾದರೂ ಕಾಯಬೇಡಿ. ಅದೇ ವಾರ ಹೊರಡಿ.

"ಇವನ ಅಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೆ" ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ. ಅದನ್ನೂ ಬರೆದುಕೊಳ್ಳಿ, ಡಾಕ್ಟರಿಗೆ ಅದೂ ಮಾಹಿತಿಯೇ. ಆದರೆ ಅದನ್ನು ನಂಬಿ ಕೂರಬೇಡಿ.

ಕಾರವಾರ, ಭಟ್ಕಳದ ಕಡೆ ಇನ್ನೊಂದು ಸಬೂಬು ಇದೆ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ, ಅಂಗನವಾಡಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಅದಕ್ಕೇ ಮಗುವಿಗೆ ಮಾತು ತಡ ಅಂತ. ಎರಡು ಮೂರು ಭಾಷೆ ಕೇಳಿದ್ದರಿಂದ ಮಾತು ಹಿಂದೆ ಬೀಳುವುದಿಲ್ಲ. ಮಗು ಆಡುವ ಪದಗಳನ್ನು ಎಲ್ಲ ಭಾಷೆಯವೂ ಸೇರಿಸಿ ಎಣಿಸಿ. ಹಾಗೆ ಎಣಿಸಿದರೂ ಕಡಿಮೆ ಬಂದರೆ ಅದು ಭಾಷೆಯ ತಪ್ಪಲ್ಲ. ಕನ್ನಡ ಬರಲಿ ಎಂದು ಅಜ್ಜಿಯ ಕೊಂಕಣಿ ನಿಲ್ಲಿಸುವುದಂತೂ ಬೇಡವೇ ಬೇಡ.

ಉಳಿದ ಪುಟ: ಎರಡು ವಾರದ ದಿನಚರಿ

ಬೆಳವಣಿಗೆಯಲ್ಲಿ ಹಿಂದೆ ಬೀಳುವುದು ಬೇರೆ, ಎಡಿಎಚ್‌ಡಿ ಬೇರೆ. ಕೆಲವು ಮಕ್ಕಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವುದು, ವಯಸ್ಸಿಗೆ ಮೀರಿದ ಚಡಪಡಿಕೆ, ಯೋಚಿಸುವ ಮೊದಲೇ ಮಾಡಿಬಿಡುವುದು. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು ಅನ್ನಿ. ವಂಶದಲ್ಲಿ ಬರುವುದೇ ಹೆಚ್ಚು. ಬೆಲ್ಲ, ಸಕ್ಕರೆಯಿಂದ ಬರುವುದಿಲ್ಲ, ಅಮ್ಮನ ಮುದ್ದಿನಿಂದಲೂ ಬರುವುದಿಲ್ಲ.

"ಉಪದ್ರ ಮಾಡ್ತಾನೆ" ಎಂದು ಬರೆದರೆ ಡಾಕ್ಟರಿಗೆ ಪ್ರಯೋಜನವಿಲ್ಲ. "ಊಟಕ್ಕೆ ಕೂತವನು ಹತ್ತು ನಿಮಿಷದಲ್ಲಿ ಆರು ಸಲ ಎದ್ದ", "ವಾರದಲ್ಲಿ ಮೂರು ಪೆನ್ಸಿಲ್ ಕಳೆದ", "ಸರದಿ ಕಾಯದೆ ತಳ್ಳಿದ" ಎಂದು ಬರೆಯಿರಿ. ರಾತ್ರಿ ಎಷ್ಟಕ್ಕೆ ಮಲಗಿದ, ಗೊರಕೆ ಇದೆಯಾ, ಇದೂ ಇರಲಿ. ಮೊಬೈಲಿನಲ್ಲಿ ಸಣ್ಣ ವಿಡಿಯೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಇದೇ ಪುಟಗಳಲ್ಲಿ ಅಕ್ಕೋರಿಂದಲೂ ನಾಲ್ಕು ಸಾಲು ಬರೆಸಿ. ಇದು ಯಾಕೆ ಮುಖ್ಯ ಅಂದರೆ, ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣ 12 ವರ್ಷದ ಒಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆ ಕಾಣಬೇಕು. ಶಾಲೆಯಲ್ಲಿ ಮಾತ್ರ ತೊಂದರೆ ಎಂದಾದರೆ ಓದಿನ ತೊಡಕೋ, ಯಾರದೋ ಹೆದರಿಕೆಯೋ ಇರಬಹುದು.

"ಮೊಬೈಲ್ ಕೊಟ್ಟರೆ ಎರಡು ತಾಸು ಕೂರ್ತಾನಲ್ಲ, ಮತ್ತೆಂಥ ಗಮನದ ಸಮಸ್ಯೆ?" ಈ ಪ್ರಶ್ನೆ ನಾನೂ ಕೇಳಿದ್ದೆ. ಕ್ಷಣಕ್ಷಣಕ್ಕೂ ಹೊಸದು ಬರುವ ಕಡೆ ಇವರ ಗಮನ ತಾನಾಗಿ ಅಂಟಿಕೊಳ್ಳುತ್ತದೆ. ಬೇಸರದ ಕೆಲಸಕ್ಕೆ ಬೇಕೆಂದಾಗ ಅದನ್ನು ತಿರುಗಿಸಲಾಗದೇ ಇರುವುದೇ ಕಷ್ಟ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಮೋಸ ಹೋಗುತ್ತೇವೆ. ಕೂಸು ಓಡಾಡುವುದಿಲ್ಲ, ಕಿಟಕಿ ನೋಡುತ್ತ ಸುಮ್ನೆ ಕೂತಿರುತ್ತದೆ. "ಪಾಪದ ಕೂಸು" ಅನ್ನಿಸಿಕೊಂಡೇ ಏಳನೇ ಕ್ಲಾಸ್ ದಾಟಿರುತ್ತದೆ.

ಎಲ್ಲಿಗೆ ಹೋಗುವುದು?

ಆರು ವರ್ಷದ ಒಳಗಿನ ಮಗುವಾದರೆ ಅಂಗನವಾಡಿಯಿಂದಲೇ ಶುರುಮಾಡಿ. 2013ರಿಂದ ನಡೆಯುತ್ತಿರುವ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. 18 ವರ್ಷದವರೆಗಿನ ಮಕ್ಕಳನ್ನು ಅವರು ನೋಡುತ್ತಾರೆ. ಬೆಳವಣಿಗೆಯ ತೊಂದರೆಯೂ ಅವರ ಪಟ್ಟಿಯಲ್ಲಿದೆ. ತಂಡ ಯಾವಾಗ ಬರುತ್ತದೆ ಎಂದು ಆಶಾ ಅವರನ್ನು ಕೇಳಿ, ಆ ದಿನ ನೀವೂ ಅಲ್ಲಿರಿ. ತಾಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ನೇರವಾಗಿ ತೋರಿಸಿದರೂ ಸರಿಯೇ.

ದೊಡ್ಡ ಊರಿಗೆ ಹೊರಡುವ ಮುನ್ನ ಇಲ್ಲೇ ಮುಗಿಸಬಹುದಾದ ಪರೀಕ್ಷೆಗಳಿವೆ. ಕಿವಿ, ಕಣ್ಣು, ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್. ಮಾತು ಬಾರದ ಎಲ್ಲ ಮಕ್ಕಳಿಗೂ ಕಿವಿ ಪರೀಕ್ಷೆ ಆಗಲೇಬೇಕು, "ಪಟಾಕಿ ಸದ್ದಿಗೆ ಬೆಚ್ಚುತ್ತಾನೆ" ಎಂದು ಬಿಡುವ ಹಾಗಿಲ್ಲ. ಜೋರು ಗೊರಕೆ ಇದ್ದರೆ ಮೂಗಿನ ಹಿಂದಿನ ಅಡಿನಾಯ್ಡ್ ನೋಡಿಸಿ. ನಿದ್ದೆಗೆಟ್ಟ ಮಗು ಹಗಲಿಡೀ ಎಡಿಎಚ್‌ಡಿ ಮಗುವಿನ ಹಾಗೇ ಇರುತ್ತದೆ. ಮಾತಿನ ಮಧ್ಯೆ ಕೆಲವು ಸೆಕೆಂಡ್ ಕಲ್ಲಾಗಿ ನಿಂತು ಮತ್ತೆ ಸರಿಯಾಗುತ್ತಿದ್ದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು, ತಪ್ಪದೆ ಹೇಳಿ.

ಮುಂದಿನ ಹಂತಕ್ಕೆ ಘಟ್ಟದ ಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ರೈಲಿನ ದಾರಿಯಲ್ಲಿ ಮಣಿಪಾಲ, ಮಂಗಳೂರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಮಾತು, ಕಿವಿಯ ತೊಂದರೆಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ. ಎಲ್ಲಿಂದ ಶುರುಮಾಡುವುದು ಎಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಲ್ಲಿ ಸ್ಕ್ಯಾನ್ ಮಾಡಿ ಎಡಿಎಚ್‌ಡಿ ಹೇಳುತ್ತಾರೆ ಎಂದುಕೊಳ್ಳಬೇಡಿ. ಅದಕ್ಕೆ ಸ್ಕ್ಯಾನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ನಿಮಗೆ, ಅಕ್ಕೋರಿಗೆ ಪ್ರಶ್ನೆಪಟ್ಟಿ ಕೊಡುತ್ತಾರೆ. ಮಗುವಿನ ಜೊತೆ ಆಡುತ್ತಾರೆ, ಮಾತಾಡುತ್ತಾರೆ, ಬುದ್ಧಿಮಟ್ಟದ ಪರೀಕ್ಷೆ ಮಾಡುತ್ತಾರೆ. ಒಂದೇ ಭೇಟಿಯಲ್ಲಿ ಮುಗಿಯದಿರಬಹುದು. ಮೊದಲ ದಿನವೇ ನೋಟ್‌ಬುಕ್ ಮೇಜಿನ ಮೇಲಿಟ್ಟರೆ ಒಂದೆರಡು ಪ್ರಯಾಣವಾದರೂ ಉಳಿಯುತ್ತದೆ.

ಮನೆಗೆ ಬಂದ ಮೇಲೆ

ಎಡಿಎಚ್‌ಡಿ ಎಂದಾದರೆ, ಆರು ವರ್ಷದ ಒಳಗಿನವರಿಗೆ ಮೊದಲು ಮಾತ್ರೆ ಅಲ್ಲ, ಅಪ್ಪ ಅಮ್ಮನಿಗೆ ತರಬೇತಿ. ಕೇಳಲು ವಿಚಿತ್ರ, ಆದರೆ ಕೆಲಸ ಮಾಡುತ್ತದೆ. "ಸ್ನಾನ ಮಾಡಿ, ಬಟ್ಟೆ ಹಾಕಿ, ಚೀಲ ತುಂಬ್ಕೊಂಡು ಬಾ" ಎಂದರೆ ಈ ಮಗುವಿಗೆ ಮೊದಲನೆಯದೂ ನೆನಪಿರುವುದಿಲ್ಲ. ಹತ್ತಿರ ಹೋಗಿ, ಕಣ್ಣು ನೋಡಿ, ಒಂದೇ ಮಾತು ಹೇಳಿ. ಮುಗಿಸಿದ ಕೂಡಲೇ "ಭೇಷ್, ಚೀಲ ನೀನೇ ತುಂಬಿದೆ" ಎನ್ನಿ. ಹೊಗಳಿಕೆ ಸಂಜೆಯವರೆಗೆ ಕಾದರೆ ತಣ್ಣಗಾಗುತ್ತದೆ. ಹೋಂವರ್ಕ್ ಹತ್ತು ನಿಮಿಷ, ಅಂಗಳಕ್ಕೆ ಒಂದು ಸುತ್ತು, ಮತ್ತೆ ಹತ್ತು ನಿಮಿಷ. ಶಾಲೆಯಲ್ಲಿ ಮುಂದಿನ ಬೆಂಚು, ಬೋರ್ಡ್ ಒರೆಸುವ ಕೆಲಸ. ಅಕ್ಕೋರು ಒಪ್ಪಿದರೆ ಅರ್ಧ ಗೆದ್ದ ಹಾಗೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನಚರಿ ಕೆಡಿಸುವುದು ಮಳೆ ರಜೆ. ಬೆಳಗ್ಗೆ ಎದ್ದ ಮೇಲೆ ರಜೆ ಎಂದು ಗೊತ್ತಾಗುತ್ತದೆ, ಮಗು ಜಗಲಿಯಲ್ಲಿ ಸಿಡಿಯುತ್ತದೆ. ತಂಗಿ ಈಗ ಗೋಡೆಯ ಮೇಲೆ ಎರಡು ಚಿತ್ರಪಟ್ಟಿ ಅಂಟಿಸಿದ್ದಾಳೆ, ಶಾಲೆ ದಿನದ್ದು ಒಂದು, ಮಳೆ ದಿನದ್ದು ಒಂದು. ಮಳೆ ದಿನದ ಪಟ್ಟಿಯಲ್ಲಿ ಅಡಿಕೆ ಆರಿಸುವುದು, ತೆಂಗಿನಕಾಯಿ ಹೊರುವುದು, ಹಿಟ್ಟು ನಾದುವುದು ಇದೆ.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮುಂದೇನಾಗುತ್ತದೆ ಎಂದು ಯೋಚಿಸದೆ ಓಡುವ ಮಕ್ಕಳಿವರು, ಪೆಟ್ಟು ಮಾಡಿಕೊಳ್ಳುವುದು ಹೆಚ್ಚು. ಬಾವಿಗೆ ಜಾಲರಿ ಹಾಕಿಸಿ, ಕಡಲ ದಂಡೆಯಲ್ಲಿ ಕೈ ಬಿಡಬೇಡಿ.

ಮಾತು, ನಡಿಗೆ ತಡವಾದ ಮಗುವಿಗೆ ಥೆರಪಿಸ್ಟ್ ಸಿಗುವುದು ವಾರಕ್ಕೊಮ್ಮೆ, ನೀವು ಇರುವುದು ದಿನಾ. ಅವರು ಹೇಳಿಕೊಟ್ಟ ಆಟವನ್ನು ಸ್ನಾನ, ಊಟದ ಹೊತ್ತಿಗೇ ಸೇರಿಸಿಕೊಳ್ಳಿ. ಶಾಲೆಗೆ ಸೇರುವ ವಯಸ್ಸಾದರೆ ತಾಲೂಕಿನಲ್ಲಿ ಶಿಕ್ಷಣ ಇಲಾಖೆಯ ಬಿಆರ್‌ಸಿ ಕಚೇರಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು ಕಾಣಿ. ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವುದೇ ಅವರ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ, ಆಟಿಸಂ, ಕಲಿಕಾ ನ್ಯೂನತೆ ಇವೆ, ಎಡಿಎಚ್‌ಡಿ ಹೆಸರು ಪ್ರತ್ಯೇಕವಾಗಿ ಇಲ್ಲ.

ಮಾತ್ರೆಯ ವಿಷಯ

ಎಡಿಎಚ್‌ಡಿ ಇದ್ದು ಆರು ವರ್ಷ ದಾಟಿದವರಿಗೆ, ಬೇಕೆನಿಸಿದರೆ, ಡಾಕ್ಟರು ಹೆಚ್ಚಾಗಿ ಬರೆಯುವುದು ಮಿಥೈಲ್‌ಫೆನಿಡೇಟ್. ಸಾದಾ ಮಾತ್ರೆ ಸುಮಾರು ನಾಲ್ಕು ತಾಸು ಕೆಲಸ ಮಾಡುತ್ತದೆ. ಆಟೊಮಾಕ್ಸೆಟಿನ್ ಎಂಬುದು ಇನ್ನೊಂದು, ಅದರ ಗುಣ ಕಾಣಲು ಕೆಲವು ವಾರ ಬೇಕು. ಮೊದಲನೆಯದರಿಂದ ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು. ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ ಕೊಡಿ. ತೂಕ, ಎತ್ತರ, ಬಿಪಿ, ನಾಡಿಯನ್ನು ಪ್ರತಿ ಭೇಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದ್ದರೆ ಮೊದಲೇ ಹೇಳಿ. ಒಂದೆಲಗದ ತಂಬುಳಿ ಊಟಕ್ಕೆ ಚೆಂದ, ದಿನಾ ಮಾಡಿ, ಆದರೆ ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.

ಮಿಥೈಲ್‌ಫೆನಿಡೇಟ್ ನಿಯಂತ್ರಿತ ಔಷಧ. ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್ ಶಾಪಿನಲ್ಲೂ ಇರುವುದಿಲ್ಲ. ಮುಗಿಯುವ ಹತ್ತು ದಿನ ಮೊದಲೇ ತರಿಸಿ. ಮಳೆಗಾಲದಲ್ಲಿ ಇನ್ನೂ ಬೇಗ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದು ನೆನಪಿದೆಯಲ್ವಾ? ಅದಾದ ಮೇಲೆ ತಂಗಿ ಜೂನ್ ಮೊದಲ ವಾರವೇ ಚೀಟಿಯ ತಾರೀಕು ನೋಡಿ, ನೋಟ್‌ಬುಕ್ಕಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡುತ್ತಾಳೆ.